ಹತ್ತು ರೂಪಾಯಿ ಬಂತೆಂದು ಕೂಗಿದ ಡಬ್ಬಿ, ನಲವತ್ತು ಲಕ್ಷ ದಾಟಿತೆಂದು ಹೇಳಲಿಲ್ಲ

2025ರ ಜುಲೈ ತಿಂಗಳ ಒಂದು ಬೆಳಗ್ಗೆ ಹಾಲು ತರಲು ನಮ್ಮ ಬೀದಿ ಕೊನೆಯ ಅಂಗಡಿಗೆ ಹೋಗಿದ್ದೆ. ಕೈಯಲ್ಲಿ ಫೋನ್ ಬಿಟ್ಟರೆ ಬೇರೇನೂ ಇರಲಿಲ್ಲ. ಪರ್ಸ್ ಹಿಡಿದು ಹೋಗುವ ಅಭ್ಯಾಸ ತಪ್ಪಿ ಎಷ್ಟೋ ವರ್ಷವಾಯಿತು. ಗಲ್ಲಾದ ಮುಂದೆ ಕ್ಯೂಆರ್ ಕೋಡ್ ಅಂಟಿಸಿದ್ದ ಜಾಗದಲ್ಲಿ ಬರೀ ಅಂಟಿನ ಕಲೆ ಇತ್ತು. ಪಕ್ಕದಲ್ಲಿ ನೋಟ್‌ಬುಕ್ಕಿನ ಹಾಳೆಯೊಂದರಲ್ಲಿ ಸ್ಕೆಚ್ ಪೆನ್ನಿನಲ್ಲಿ ಬರೆದಿತ್ತು: ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’.

‘ಏನಣ್ಣ ಇದು?’ ಅಂದೆ.

‘ಅದರ ಸಹವಾಸವೇ ಬೇಡಮ್ಮ. ದುಡ್ಡು ನಾಳೆ ಕೊಡಿ, ಪರವಾಗಿಲ್ಲ’ ಅಂದರು.

ಅವರಿಗೆ ನೋಟಿಸ್ ಬಂದಿರಲಿಲ್ಲ. ಬಂದವರ ಸುದ್ದಿ ಟಿವಿಯಲ್ಲಿ ನೋಡಿದ್ದರು, ವಾಟ್ಸಾಪಿನಲ್ಲಿ ಓದಿದ್ದರು, ಅಷ್ಟೇ. ಆ ವಾರ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಗಾಡಿ, ಟೀ ಅಂಗಡಿಗಳಲ್ಲಿ ಇಂಥ ಹಾಳೆಗಳು ಒಂದರ ಹಿಂದೆ ಒಂದು ಅಂಟಿಕೊಂಡವು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಕಂಪನಿಗಳಿಂದ ಲೆಕ್ಕ ತರಿಸಿಕೊಂಡಿತ್ತು. 2021-22ರಿಂದ 2024-25ರವರೆಗೆ, ನಾಲ್ಕು ವರ್ಷದ್ದು. ಯಾರ ಖಾತೆಗೆ ಮಿತಿಗಿಂತ ಜಾಸ್ತಿ ಹಣ ಬಂದಿದೆಯೋ, ಜಿಎಸ್‌ಟಿ ನೋಂದಣಿ ಇಲ್ಲವೋ, ಅಂಥ ಸಾವಿರಾರು ಅಂಗಡಿಯವರಿಗೆ ನೋಟಿಸ್ ಹೋಯಿತು.

ನಾನು ಒಂದು ಸಣ್ಣ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುವವಳು. ತಿಂಗಳು ತಿಂಗಳು ಜಿಎಸ್‌ಟಿ ರಿಟರ್ನ್ ತುಂಬುವುದು ನನ್ನ ಕೆಲಸ. ಹಾಗಾಗಿ ಈ ಗಲಾಟೆಯಲ್ಲಿ ನನಗೆ ಎರಡೂ ಕಡೆಯ ಮಾತು ಕೇಳಿಸುತ್ತಿತ್ತು. ಆಫೀಸಿನಲ್ಲಿ ‘ನಮ್ಮ ಸಂಬಳ ಕೈಗೆ ಬರೋ ಮೊದಲೇ ಕಟ್ ಆಗತ್ತೆ, ಇವರು ಮಾತ್ರ ಯಾಕೆ ಕಟ್ಟಬಾರದು?’ ಅನ್ನುತ್ತಿದ್ದರು. ಅಂಗಡಿಯಲ್ಲಿ ‘ದಿನಕ್ಕೆ ಹದಿನಾರು ಗಂಟೆ ನಿಂತರೂ ಮಗಳ ಫೀಸಿಗೆ ಸಾಲ ಮಾಡ್ತೀವಿ, ನಮ್ಮನ್ನ ಕೋಟ್ಯಧಿಪತಿ ಅಂತಾರಲ್ಲ’ ಅನ್ನುತ್ತಿದ್ದರು. ಎರಡೂ ಸುಳ್ಳಲ್ಲ. ಆದರೆ ಎರಡೂ ಕಡೆಯವರು ಒಂದು ಲೆಕ್ಕ ಮಾಡಿ ನೋಡಲಿಲ್ಲ. ಅದನ್ನು ಇಲ್ಲಿ ಮಾಡೋಣ.

ಮೊದಲು ಕಾನೂನು ಏನು ಹೇಳುತ್ತದೆ ಅಂತ. ಬರೀ ಸಾಮಾನು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಸೇವೆ ಕೊಡುವವರಿಗೆ ಈ ಮಿತಿ 20 ಲಕ್ಷ. ಕೇಳಲು ದೊಡ್ಡ ಮೊತ್ತ, ಅಲ್ವಾ? 40 ಲಕ್ಷವನ್ನು 365ರಿಂದ ಭಾಗಿಸಿ. ದಿನಕ್ಕೆ ಸುಮಾರು 11 ಸಾವಿರ. ಬೆಳಗ್ಗೆ ಆರಕ್ಕೆ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಮುಚ್ಚುವ, ಹಾಲು-ಮೊಸರು ಇಟ್ಟುಕೊಂಡ ಯಾವ ಅಂಗಡಿಯಾದರೂ ಇದನ್ನು ಮುಟ್ಟುತ್ತದೆ.

ಟೀ ಅಂಗಡಿಯದ್ದು ಇನ್ನೂ ವಿಚಿತ್ರ. ಅಲ್ಲೇ ನಿಂತು ಕುಡಿಯುವ ಟೀ ಕಾನೂನಿನ ಕಣ್ಣಿಗೆ ಹೋಟೆಲ್ ಸೇವೆ. ಅಂದರೆ ಮಿತಿ 20 ಲಕ್ಷ. ಲೋಟಕ್ಕೆ 15 ರೂಪಾಯಿ ಇಟ್ಟುಕೊಂಡರೆ, ದಿನಕ್ಕೆ 365 ಲೋಟ ಟೀ ಮಾರಿದವನು ವರ್ಷದ ಕೊನೆಗೆ ಹೆಚ್ಚುಕಡಿಮೆ 20 ಲಕ್ಷಕ್ಕೆ ಬಂದು ನಿಲ್ಲುತ್ತಾನೆ. ಬಸ್ ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿಗೆ 365 ಲೋಟ ದೊಡ್ಡ ಲೆಕ್ಕವೇ ಅಲ್ಲ. ಬೇಕರಿಯವರು ಒಂದು ಮೂಲೆಯಲ್ಲಿ ಟೀ, ಕಾಫಿ ಮಾರಿದರೂ ‘ಬರೀ ಸಾಮಾನು ಮಾರುವವರು’ ಅನ್ನುವ ಪಟ್ಟಿಯಿಂದ ಹೊರಗೆ ಬೀಳುತ್ತಾರೆ, 40 ಇದ್ದದ್ದು 20 ಆಗುತ್ತದೆ. ಇದು ಎಷ್ಟು ಬೇಕರಿಯವರಿಗೆ ಗೊತ್ತಿತ್ತು? ಲೆಕ್ಕ ಬರೆಯುವ ನನಗೇ ಎರಡು ಸಲ ಓದಿದ ಮೇಲೆ ತಿಳಿಯಿತು.

ಹಾಲಿನ ವಿಷಯವೂ ಹಾಗೇ. ಹಾಲಿಗೆ ಜಿಎಸ್‌ಟಿ ಇಲ್ಲ. ತಾಜಾ ತರಕಾರಿ, ಹಣ್ಣು, ಮೊಟ್ಟೆ, ಬ್ರೆಡ್ಡಿಗೂ ಇಲ್ಲ. ಬರೀ ಇಂಥ ತೆರಿಗೆಯಿಲ್ಲದ ಸಾಮಾನು ಮಾತ್ರ ಮಾರುವವರು ಎಷ್ಟು ಮಾರಿದರೂ ನೋಂದಣಿ ಬೇಡ. ಆದರೆ ಹಾಲಿನ ಜೊತೆ ಬಿಸ್ಕತ್ತು, ಸೋಪು ಇಟ್ಟರೆ ಕಥೆ ಬೇರೆ. ಆಗ 40 ಲಕ್ಷದ ಲೆಕ್ಕಕ್ಕೆ ಹಾಲಿನ ದುಡ್ಡೂ ಸೇರುತ್ತದೆ. ಹಾಲಿಗೆ ತೆರಿಗೆ ಹಾಕುವುದಿಲ್ಲ, ಆದರೆ ಮಿತಿ ದಾಟಿಸಲು ಹಾಲನ್ನು ಎಣಿಸುತ್ತಾರೆ. ಲೀಟರಿಗೆ ಅಂಗಡಿಯವರಿಗೆ ಸಿಗುವುದು ಚಿಲ್ಲರೆ ಕಾಸು. ಎಷ್ಟೋ ಜನ ಹಾಲು ಇಡುವುದೇ ಗಿರಾಕಿ ದಿನಾ ಅಂಗಡಿಗೆ ಬರಲಿ ಅಂತ.

ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರ ಕಥೆ ಆಗ ದೇಶವೆಲ್ಲ ಸುತ್ತಿತು. ನಾಲ್ಕು ವರ್ಷದಲ್ಲಿ ಅವರ ಖಾತೆಗೆ 1.63 ಕೋಟಿ ರೂಪಾಯಿ ಬಂದಿದೆ, 29 ಲಕ್ಷ ತೆರಿಗೆ ಕಟ್ಟಿ ಅಂತ ನೋಟಿಸ್. ಸುದ್ದಿ ಓದಿದವರೆಲ್ಲ ‘ತರಕಾರಿ ಮಾರುವವನ ಹತ್ತಿರ ಒಂದೂವರೆ ಕೋಟಿನಾ!’ ಅಂತ ಬಾಯಿ ಬಿಟ್ಟರು. ನಾನು ಕ್ಯಾಲ್ಕ್ಯುಲೇಟರ್ ತೆಗೆದೆ. 1.63 ಕೋಟಿಯನ್ನು ನಾಲ್ಕು ವರ್ಷಕ್ಕೆ ಹಂಚಿದರೆ ದಿನಕ್ಕೆ 11 ಸಾವಿರ ಚಿಲ್ಲರೆ. ಅದೂ ಮಾರಾಟ, ಲಾಭವಲ್ಲ. ಇನ್ನು ಆ 29 ಲಕ್ಷ ಎಲ್ಲಿಂದ ಬಂತು? 1.63 ಕೋಟಿಗೆ ಶೇ 18 ಹಾಕಿ ನೋಡಿ. 29.34 ಲಕ್ಷ ಬರುತ್ತದೆ. ನೋಟಿಸ್ ಬರೆದವರು ಯಾವ ಲೆಕ್ಕ ಹಿಡಿದರೋ, ಮೊತ್ತ ಮಾತ್ರ ಬಂದ ಹಣಕ್ಕೆಲ್ಲ ಕಣ್ಣು ಮುಚ್ಚಿ ಶೇ 18 ಹಾಕಿದಂತೆಯೇ ಇದೆ. ತಾಜಾ ತರಕಾರಿಗೆ ಇರುವ ತೆರಿಗೆ ದರ ಸೊನ್ನೆ.

ನೋಟಿಸ್ ಅಂದರೆ ಅಂತಿಮ ಆದೇಶವಲ್ಲ, ದಾಖಲೆ ಕೊಟ್ಟು ಉತ್ತರಿಸಬಹುದು ಅಂತ ಇಲಾಖೆ ಹೇಳಿತು. ಅದು ನಿಜ. ಕಾಗದ ಪತ್ರ ಓಡಾಡುವ ಲೋಕದಲ್ಲಿ ಇರುವ ನನ್ನಂಥವರಿಗೆ ‘ಷೋಕಾಸ್ ನೋಟಿಸ್’ ಅಂದರೆ ಮಾತಿನ ಶುರು. ಆದರೆ ಮುಂಜಾನೆ ಮೂರಕ್ಕೆ ಎದ್ದು ಮಾರುಕಟ್ಟೆಗೆ ಹೋಗುವವರಿಗೆ 29 ಲಕ್ಷ ಅಂತ ಬರೆದ ಸರ್ಕಾರಿ ಕಾಗದ ಅಂದರೆ ಎದೆಯೊಡೆದ ಹಾಗೆ. ನಾಲ್ಕು ವರ್ಷದ ಹಿಂದೆ ರೈತರ ಹತ್ತಿರ ಕೊಂಡ ಬದನೆಕಾಯಿಗೆ ಬಿಲ್ ಎಲ್ಲಿಂದ ತರುವುದು?

ಈಗ ನಮ್ಮ ಬೀದಿ ಅಂಗಡಿಯ ಲೆಕ್ಕಕ್ಕೆ ಬರುತ್ತೇನೆ. ಅಂಗಡಿಯವರೂ ನಾನೂ ಒಂದು ಭಾನುವಾರ ಮಧ್ಯಾಹ್ನ, ಗಿರಾಕಿ ಕಮ್ಮಿ ಇದ್ದಾಗ, ಕುಳಿತು ಬರೆದದ್ದು ಇದು.

ದಿನದ ಮಾರಾಟ ಸುಮಾರು 14 ಸಾವಿರ. ಅದರಲ್ಲಿ ಹಾಲು, ಮೊಟ್ಟೆ, ತರಕಾರಿ, ಬ್ರೆಡ್ಡು 6 ಸಾವಿರ. ಬಿಸ್ಕತ್ತು, ಸೋಪು, ಎಣ್ಣೆ, ಟೀಪುಡಿ, ಇತರೆ 8 ಸಾವಿರ. ಎಲ್ಲ ಸೇರಿ ದಿನಕ್ಕೆ ಉಳಿಯುವುದು 1,260 ರೂಪಾಯಿಯ ಆಸುಪಾಸು. ತಿಂಗಳಿಗೆ 38 ಸಾವಿರ ಅಂತ ಇಟ್ಟುಕೊಳ್ಳಿ. ಬಾಡಿಗೆ 12 ಸಾವಿರ, ಫ್ರಿಜ್ಜು-ಲೈಟು ಕರೆಂಟಿಗೆ 3 ಸಾವಿರ ಕಳೆದರೆ 23 ಸಾವಿರ. ಗಂಡ ಹೆಂಡತಿ ಇಬ್ಬರ ದುಡಿಮೆ ಅದು. ಇಲಿ ಕಚ್ಚಿದ ಪ್ಯಾಕೆಟ್ಟು, ಒಡೆದ ಮೊಟ್ಟೆ, ವಾಪಸ್ ಬಾರದ ಉದ್ದರಿ, ಇವನ್ನು ಬರೆಯಲೇ ಇಲ್ಲ.

ವರ್ಷದ ಮಾರಾಟ 51 ಲಕ್ಷ. 40 ದಾಟಿತು. ನೋಂದಣಿ ಮಾಡಿಸಬೇಕಿತ್ತು, ಮಾಡಿಸಿಲ್ಲ. ತಪ್ಪು ಆಗಿದೆ. ಈಗ ಪ್ರಶ್ನೆ ಇಷ್ಟೇ: ಈ ತಪ್ಪಿನಿಂದ ಸರ್ಕಾರಕ್ಕೆ ಆದ ನಷ್ಟ ಎಷ್ಟು?

ಹಾವೇರಿಯ ಮೊತ್ತ ಹೊಂದುವ ಲೆಕ್ಕದಲ್ಲಿ ಹೋದರೆ 51 ಲಕ್ಷಕ್ಕೆ ಶೇ 18, ಅಂದರೆ ವರ್ಷಕ್ಕೆ 9 ಲಕ್ಷದ ಮೇಲೆ. ಇವರ ವರ್ಷದ ಒಟ್ಟು ಉಳಿತಾಯವೇ, ಬಾಡಿಗೆ ಕಳೆಯುವ ಮೊದಲು, ನಾಲ್ಕೂವರೆ ಲಕ್ಷ. ಗಳಿಸಿದ್ದರ ಎರಡರಷ್ಟು ತೆರಿಗೆ! ನಾಲ್ಕು ವರ್ಷಕ್ಕೆ 36 ಲಕ್ಷ ದಾಟುತ್ತದೆ. ಅದರ ಮೇಲೆ ಶೇ 18ರ ಬಡ್ಡಿ. ನೋಂದಣಿ ಮಾಡಿಸದ್ದಕ್ಕೆ ದಂಡ ತೆರಿಗೆಯಷ್ಟೇ ಬೀಳಬಹುದು.

ನಿಜವಾದ ನಷ್ಟದ ಲೆಕ್ಕ ಬೇರೆ. ಒಂದು ಬಿಸ್ಕತ್ ಪ್ಯಾಕೆಟ್ ತೆಗೆದುಕೊಳ್ಳಿ. ಎಂಆರ್‌ಪಿ 10 ರೂಪಾಯಿ. ಆ ನಾಲ್ಕು ವರ್ಷ ಬಿಸ್ಕತ್ತಿಗೆ ಜಿಎಸ್‌ಟಿ ಶೇ 18 ಇತ್ತು, ಎಂಆರ್‌ಪಿಯಲ್ಲಿ ಅದು ಸೇರಿಯೇ ಇರುತ್ತದೆ. 10 ರೂಪಾಯಿಯಲ್ಲಿ ತೆರಿಗೆ 1 ರೂಪಾಯಿ 53 ಪೈಸೆ. ನಮ್ಮ ಅಂಗಡಿಯವರು ಆ ಪ್ಯಾಕೆಟ್ಟನ್ನು ಏಜೆನ್ಸಿಯಿಂದ 9 ರೂಪಾಯಿಗೆ ತಂದಾಗ, ಅದರಲ್ಲಿ 1 ರೂಪಾಯಿ 37 ಪೈಸೆ ತೆರಿಗೆ ಕೊಟ್ಟೇ ತಂದಿದ್ದಾರೆ. ಅದು ಆಗಲೇ ಸರ್ಕಾರಕ್ಕೆ ಹೋಗಿದೆ. ಬಾಕಿ ಉಳಿದಿದ್ದು ಅವರ ಒಂದು ರೂಪಾಯಿ ಲಾಭದ ಮೇಲಿನ ತೆರಿಗೆ. ಹದಿನೈದು, ಹದಿನಾರು ಪೈಸೆ.

ಇಡೀ ಅಂಗಡಿಗೆ ಇದೇ ಲೆಕ್ಕ ಹಾಕಿದೆವು. ತೆರಿಗೆ ಬೀಳುವ ಸಾಮಾನಿನ ಮಾರಾಟ ವರ್ಷಕ್ಕೆ 29 ಲಕ್ಷ. ಅದರಲ್ಲಿ ಶೇ 10 ಲಾಭ ಹಿಡಿದು, ಎಲ್ಲಕ್ಕೂ ಶೇ 18ರ ದರವೇ ಅಂತ ಬಿಗಿಯಾಗಿ ಹಿಡಿದರೂ, ಸರ್ಕಾರಕ್ಕೆ ಬಾರದೇ ಹೋದದ್ದು ವರ್ಷಕ್ಕೆ 45 ಸಾವಿರ ರೂಪಾಯಿ. ಒಂಬತ್ತು ಲಕ್ಷ ಎಲ್ಲಿ, ನಲವತ್ತೈದು ಸಾವಿರ ಎಲ್ಲಿ!

ಹಾಗಾದರೆ ಈ ವ್ಯತ್ಯಾಸ ಯಾಕೆ? ಜಿಎಸ್‌ಟಿಯ ಬುಡವೇ ‘ಕೊಂಡಾಗ ಕೊಟ್ಟ ತೆರಿಗೆಯನ್ನು ಮಾರುವಾಗಿನ ತೆರಿಗೆಯಲ್ಲಿ ಕಳೆದುಕೋ’ ಅನ್ನುವುದು. ಆದರೆ ಈ ಕಳೆಯುವ ಹಕ್ಕು ನೋಂದಣಿ ಇದ್ದವರಿಗೆ ಮಾತ್ರ, ಅದೂ ಸಮಯಕ್ಕೆ ಸರಿಯಾಗಿ ಕೇಳಿದರೆ ಮಾತ್ರ. ನಾಲ್ಕು ವರ್ಷ ಕಳೆದ ಮೇಲೆ ಸಿಕ್ಕಿಬಿದ್ದವರಿಗೆ ಅದು ಸಿಗುವುದಿಲ್ಲ. ಅಂದರೆ ಬಿಸ್ಕತ್ತಿನ 1 ರೂಪಾಯಿ 37 ಪೈಸೆಯನ್ನು ಸರ್ಕಾರ ಎರಡನೇ ಸಲ ಕೇಳಿದ ಹಾಗೆ. ಗೊತ್ತಿಲ್ಲದೆ ತಪ್ಪಿದವರಿಗೂ, ಗೊತ್ತಿದ್ದೇ ತಪ್ಪಿಸಿದವರಿಗೂ ಒಂದೇ ಪೆಟ್ಟು.

ಇದೆಲ್ಲದರ ಜೊತೆ ಮೂರನೆಯ ಮೊತ್ತವೂ ಒಂದಿದೆ. ಅದನ್ನು ಹೇಳದಿದ್ದರೆ ನಾನು ಬರೀ ಅಂಗಡಿಯವರ ಪರ ವಕಾಲತ್ತು ಮಾಡಿದ ಹಾಗಾಗುತ್ತದೆ. ವರ್ಷಕ್ಕೆ ಒಂದೂವರೆ ಕೋಟಿಯವರೆಗಿನ ವ್ಯಾಪಾರಿಗಳಿಗೆ ಕಾಂಪೊಸಿಶನ್ ಅಂತ ಒಂದು ಸರಳ ಪದ್ಧತಿ ಇದೆ. ತೆರಿಗೆ ಬೀಳುವ ಮಾರಾಟದ ಶೇ 1 ಕಟ್ಟಿದರೆ ಸಾಕು. ಹೋಟೆಲಿನವರಿಗೆ ಶೇ 5. ಮೂರು ತಿಂಗಳಿಗೊಮ್ಮೆ ಹಣ, ವರ್ಷಕ್ಕೊಂದು ರಿಟರ್ನ್. ನಮ್ಮ ಅಂಗಡಿಗೆ ಇದು ವರ್ಷಕ್ಕೆ 29 ಸಾವಿರ. ದಿನಕ್ಕೆ 80 ರೂಪಾಯಿ.

‘80 ರೂಪಾಯಿ ಕಟ್ಟೋದಾ? ಅಷ್ಟೇನಾ?’ ಅಂದರು ಅವರು. ಆಮೇಲೆ ಬೆರಳು ಮಡಚಿ ಎಣಿಸಿ, ‘ಬಾಡಿಗೆ, ಕರೆಂಟು ಕಳೆದು ದಿನಕ್ಕೆ ಉಳಿಯೋದು 760. ಅದರಲ್ಲಿ 80. ಸ್ವಲ್ಪ ಚುರುಕ್ಕನ್ನತ್ತೆ. ಆದರೂ ಆಗತ್ತೆ’ ಅಂದರು.

ಇಡೀ ಗಲಾಟೆಯ ತಿರುಳು ನನಗೆ ಆ ‘ಆಗತ್ತೆ’ಯಲ್ಲಿ ಸಿಕ್ಕಿತು. ತೆರಿಗೆ ಕಟ್ಟಲು ಜನ ಒಲ್ಲೆ ಅನ್ನುತ್ತಾರೆ ಅನ್ನುವುದು ಅರ್ಧ ಸತ್ಯ. ದಿನಕ್ಕೆ 80 ಅಂತ ಮೊದಲೇ ಹೇಳಿದ್ದರೆ ಗೊಣಗಿಕೊಂಡಾದರೂ ಕಟ್ಟುತ್ತಿದ್ದವರು ಇವರಲ್ಲಿ ಬಹಳ ಜನ. ನಾಲ್ಕು ವರ್ಷ ಸುಮ್ಮನಿದ್ದು, ಆಮೇಲೆ ಒಂದೇ ಸಲ ತಲೆ ಮೇಲೆ ಬಂಡೆ ಎತ್ತಿಹಾಕಿದ್ದು ಅನ್ಯಾಯ.

ಅದೂ ಹೇಗೆ ಸುಮ್ಮನಿದ್ದರು! 2016ರ ನವೆಂಬರಿನಲ್ಲಿ ನೋಟು ರದ್ದಾದಾಗಿನಿಂದ ‘ಡಿಜಿಟಲ್ ಆಗಿ’ ಅಂತ ಹೇಳಿದ್ದು ಸರ್ಕಾರವೇ. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಗಳಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ ಅಂತ ಮಾಡಿದ್ದೂ ಸರ್ಕಾರವೇ. ಅದೇ ವರ್ಷ ಬೀದಿ ವ್ಯಾಪಾರಿಗಳಿಗೆ 10 ಸಾವಿರ ಸಾಲ ಕೊಡುವ ಪಿಎಂ ಸ್ವನಿಧಿ ಯೋಜನೆ ಬಂತು. ಅದರಲ್ಲಿ ಡಿಜಿಟಲ್ ಪಾವತಿ ತೆಗೆದುಕೊಂಡವರಿಗೆ ತಿಂಗಳಿಗೆ 100 ರೂಪಾಯಿವರೆಗೆ ಕ್ಯಾಶ್‌ಬ್ಯಾಕ್ ಬೇರೆ. 2,000 ರೂಪಾಯಿವರೆಗಿನ ಸಣ್ಣ ಪಾವತಿಗಳಿಗೆ ಬ್ಯಾಂಕುಗಳಿಗೆ ಪ್ರೋತ್ಸಾಹಧನ ಕೊಡಲು ಕೇಂದ್ರ ಸಂಪುಟ 2025ರ ಮಾರ್ಚಿನಲ್ಲಿ 1,500 ಕೋಟಿ ಒಪ್ಪಿತು. ಅದಾಗಿ ನಾಲ್ಕೇ ತಿಂಗಳಿಗೆ ನಮ್ಮ ಬೀದಿಯಲ್ಲಿ ಕ್ಯೂಆರ್ ಕೋಡ್ ಕಿತ್ತುಬಂತು.

ಗಲ್ಲಾ ಪಕ್ಕ ಒಂದು ಮಾತಾಡುವ ಡಬ್ಬಿ ಇರುತ್ತದಲ್ಲ, ನೀವು ಹತ್ತು ರೂಪಾಯಿ ಹಾಕಿದರೆ ‘ಹತ್ತು ರೂಪಾಯಿ ಸ್ವೀಕರಿಸಲಾಗಿದೆ’ ಅಂತ ಕನ್ನಡದಲ್ಲಿ ಕೂಗುತ್ತದೆ. ಆ ಡಬ್ಬಿಯ ಹಿಂದಿನ ಕಂಪ್ಯೂಟರಿಗೆ ಈ ಅಂಗಡಿಗೆ ಏಪ್ರಿಲ್ ಒಂದರಿಂದ ಇವತ್ತಿನವರೆಗೆ ಎಷ್ಟು ಬಂದಿದೆ ಅಂತ ಪೈಸೆ ಸಮೇತ ಗೊತ್ತಿರುತ್ತದೆ. 15 ಲಕ್ಷ ದಾಟಿದಾಗ ಒಂದು ಮೆಸೇಜು, 30 ಲಕ್ಷ ದಾಟಿದಾಗ ಇನ್ನೊಂದು, ‘ನಿಮ್ಮ ವಹಿವಾಟು ಮಿತಿ ಹತ್ತಿರ ಬರುತ್ತಿದೆ, ನೋಂದಣಿ ನೋಡಿಕೊಳ್ಳಿ’ ಅಂತ ಕಳಿಸಲು ಏನು ದಾಡಿ? ದಿನಕ್ಕೆ ಹತ್ತು ಸಾಲದ ಮೆಸೇಜು ಕಳಿಸುತ್ತಾರಲ್ಲ. ನಾಲ್ಕು ವರ್ಷದ ಲೆಕ್ಕವನ್ನು ಇಲಾಖೆಗೆ ಒಪ್ಪಿಸಲು ಆಗುತ್ತದೆ, ಅದೇ ಲೆಕ್ಕವನ್ನು ಅಂಗಡಿಯವರಿಗೆ ಹೇಳಲು ಆಗುವುದಿಲ್ಲ.

ಇನ್ನು ಯುಪಿಐ ಖಾತೆಗೆ ಬಂದದ್ದೆಲ್ಲ ಮಾರಾಟವೇ ಅಂತ ಏನಿಲ್ಲ. ನಾನೇ ಎಷ್ಟೋ ಸಲ ಅವರಿಗೆ ಎರಡು ಸಾವಿರ ಹಾಕಿ ಕೈಯಲ್ಲಿ ಕ್ಯಾಶ್ ಇಸ್ಕೊಂಡು ಬಂದಿದ್ದೇನೆ. ಎಟಿಎಂ ದೂರ, ಅಂಗಡಿ ಹತ್ತಿರ. ಚೀಟಿ ದುಡ್ಡು ಅದೇ ನಂಬರಿಗೆ ಬರುತ್ತದೆ. ಊರಿನಿಂದ ತಮ್ಮ ಕಳಿಸಿದ ಅಡಿಕೆ ದುಡ್ಡು ಅದಕ್ಕೇ. ಕೈಗಡ ವಾಪಸ್ ಬಂದದ್ದೂ ಅದಕ್ಕೇ. ಮನೆಗೊಂದು, ಅಂಗಡಿಗೊಂದು ಅಂತ ಬೇರೆ ಬೇರೆ ಖಾತೆ ಇಡಬೇಕು ಅಂತ ಹೇಳುವುದು ಸುಲಭ. ನಮ್ಮಲ್ಲಿ ಗಲ್ಲಾಪೆಟ್ಟಿಗೆಗೂ ಅಡುಗೆಮನೆಗೂ ನಡುವೆ ಯಾವತ್ತು ಗೋಡೆ ಇತ್ತು?

ರಾಜಕೀಯದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜಿಎಸ್‌ಟಿ ನಿಯಮ ಮಾಡುವುದು ಕೇಂದ್ರ-ರಾಜ್ಯಗಳು ಸೇರಿದ ಜಿಎಸ್‌ಟಿ ಮಂಡಳಿ, ಅದರಲ್ಲಿ ಕೇಂದ್ರವೇ ದೊಡ್ಡಣ್ಣ ಅಂತ ರಾಜ್ಯದವರು. ನೋಟಿಸ್ ಕೊಟ್ಟದ್ದು ನಿಮ್ಮ ಇಲಾಖೆ ಅಂತ ಕೇಂದ್ರದವರು. ಗ್ಯಾರಂಟಿಗಳಿಗೆ ದುಡ್ಡು ಹೊಂದಿಸಲು ಬಡವರ ಜೇಬಿಗೆ ಕೈ ಹಾಕಿದ್ದಾರೆ ಅಂತ ವಿರೋಧ ಪಕ್ಷ. ತೆರಿಗೆಯಲ್ಲಿ ನಮ್ಮ ಪಾಲೇ ಕಡಿಮೆ ಮಾಡಿದ್ದಾರೆ ಅಂತ ಆಳುವ ಪಕ್ಷ. ಕೇಂದ್ರದ ತೆರಿಗೆ ಹಣವನ್ನು ರಾಜ್ಯಗಳಿಗೆ ಹಂಚುವ ಲೆಕ್ಕ ಹೇಳುವ ಹಣಕಾಸು ಆಯೋಗದ ಹದಿನೈದನೇ ಸರದಿಯಲ್ಲಿ ಕರ್ನಾಟಕದ ಪಾಲು ಶೇ 4.713ರಿಂದ ಶೇ 3.647ಕ್ಕೆ ಇಳಿದದ್ದು ನಿಜ, ರಾಜ್ಯಕ್ಕೆ ದುಡ್ಡಿನ ಬಿಗಿ ಇರುವುದೂ ನಿಜ. ಆದರೆ ಅದಕ್ಕೂ ಹಾವೇರಿಯ ಬದನೆಕಾಯಿಗೂ ಏನು ಸಂಬಂಧ ಅಂತ ಯಾರೂ ಹೇಳಲಿಲ್ಲ.

ವ್ಯಾಪಾರಿಗಳು ಜುಲೈ 25ಕ್ಕೆ ಬಂದ್ ಕರೆ ಕೊಟ್ಟರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ಮಾಡಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಮುಂದಕ್ಕೆ ನೋಂದಣಿ ಮಾಡಿಸಿ ಕಾನೂನಿನಂತೆ ತೆರಿಗೆ ಕಟ್ಟಿ ಅಂದರು. ಗಲಾಟೆ ತಣ್ಣಗಾಯಿತು.

ಇಲ್ಲಿ ನನಗೆ ಒಂದು ಮುಳ್ಳು ಚುಚ್ಚುತ್ತದೆ. ನಮ್ಮ ಬೀದಿಯಲ್ಲೇ ಇನ್ನೊಂದು ಅಂಗಡಿ ಇದೆ, ಮುಖ್ಯರಸ್ತೆ ಕಡೆ. ಅವರು ಮೊದಲೇ ನೋಂದಣಿ ಮಾಡಿಸಿ, ಶೇ 1 ಕಟ್ಟುತ್ತಾ ಬಂದವರು. ಲೆಕ್ಕ ಬರೆಯುವವರಿಗೆ ಫೀಸು ಬೇರೆ. ಒಂದೇ ಎಂಆರ್‌ಪಿಗೆ ಎರಡೂ ಅಂಗಡಿಯವರು ಮಾರುತ್ತಾರೆ. ಒಬ್ಬರು ವರ್ಷಕ್ಕೆ ಮೂವತ್ತು ನಲವತ್ತು ಸಾವಿರ ಕಳೆದುಕೊಂಡರು, ಇನ್ನೊಬ್ಬರು ಕಳೆದುಕೊಳ್ಳಲಿಲ್ಲ. ಈಗ ಹಳೆಯದೆಲ್ಲ ಮನ್ನಾ. ಅವರನ್ನು ಕೇಳಿದೆ. ‘ನಿಯತ್ತಾಗಿ ಕಟ್ಟಿದ ನಾವು ದಡ್ಡರು ಅಂತ ಆಯ್ತಲ್ಲ ಮೇಡಂ’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಖ್ಯಮಂತ್ರಿ ಮಾಡಿದ್ದು ಆ ಹೊತ್ತಿಗೆ ಸರಿಯಾದ ಕೆಲಸ ಅಂತ ಈಗಲೂ ಅನ್ನಿಸುತ್ತದೆ. ಆದರೆ ಆ ಮಾತನ್ನು ಇವರ ಮುಖ ನೋಡಿ ಹೇಳುವುದು ಕಷ್ಟ. ಆ ವರ್ಷಗಳಿಗೆ ಬಡ್ಡಿ, ದಂಡ ಬಿಟ್ಟು ಅದೇ ಶೇ 1 ಮಾತ್ರ ಕಂತಿನಲ್ಲಿ ಕಟ್ಟಿಸಿಕೊಂಡಿದ್ದರೆ ಇಬ್ಬರಿಗೂ ನ್ಯಾಯ ಆಗುತ್ತಿತ್ತೇನೋ. ಬಡ್ಡಿ, ದಂಡ ಬಿಡುವುದು ನಮ್ಮಲ್ಲಿ ಹೊಸದೇನಲ್ಲ. ಜಿಎಸ್‌ಟಿಗೆ ಮುಂಚೆ ಇದ್ದ ಮಾರಾಟ ತೆರಿಗೆ ವ್ಯಾಟ್‌ನ ಹಳೆಯ ಬಾಕಿಗೆ ಕರ್ನಾಟಕ ‘ಕರಸಮಾಧಾನ’ ಅಂತ ಯೋಜನೆಯನ್ನೇ ಮಾಡಿತ್ತು. ಜಿಎಸ್‌ಟಿಯ ಮೊದಲ ಮೂರು ವರ್ಷದ ಬಾಕಿಗೆ ಕೇಂದ್ರವೂ ಇಂಥದ್ದೇ ವಿನಾಯಿತಿ ಕೊಟ್ಟಿತು. ಅಸಲು ಕಟ್ಟು, ಉಳಿದದ್ದು ಬಿಟ್ಟೆ ಅಂತ.

ಆಫೀಸಿನ ಗೆಳೆಯರ ಮಾತಿಗೂ ಬರಬೇಕು. ‘ನಮಗೆ ಬಿಡ್ತಾರಾ?’ ಅನ್ನುವುದು ಅವರ ಪ್ರಶ್ನೆ. 2025ರ ಬಜೆಟ್ ಆದ ಮೇಲೆ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದ 75 ಸಾವಿರದವರೆಗೆ ಸಂಬಳ ಇದ್ದವರಿಗೆ ಆದಾಯ ತೆರಿಗೆ ಇಲ್ಲ. ನಮ್ಮ ಆಫೀಸಿನಲ್ಲಿ ಬಹುತೇಕ ಎಲ್ಲರೂ ಆ ಮಿತಿಯ ಒಳಗೇ ಇದ್ದಾರೆ. ಆದಾಯ ತೆರಿಗೆ ಬೇರೆ, ಜಿಎಸ್‌ಟಿ ಬೇರೆ, ಗೊತ್ತು. ಸಂಬಳದವರೂ ಸೋಪು ಕೊಂಡರೆ ಜಿಎಸ್‌ಟಿ ಕಟ್ಟುತ್ತಾರೆ. ಆದರೂ ಮನೆಗೆ ತಿಂಗಳಿಗೆ ಲಕ್ಷ ತರುವವರು ಆದಾಯದ ಮೇಲೆ ಒಂದು ರೂಪಾಯಿ ಕಟ್ಟದೆ, ಇಬ್ಬರು ಸೇರಿ 23 ಸಾವಿರ ತರುವವರನ್ನು ‘ತೆರಿಗೆ ಕಳ್ಳರು’ ಅನ್ನುವಾಗ ನನಗೆ ಮಾತಿನಲ್ಲೇ ಏನೋ ಹುಳುಕು ಕಾಣುತ್ತದೆ. ‘ಅವನ ಮನೆ ನೋಡಿದ್ದೀಯಾ, ಮೂರು ಅಂತಸ್ತು’ ಅಂತ ಒಬ್ಬರು ಅಂದರು. ಇರಬಹುದು. ಅಂಥ ಅಂಗಡಿಯವರೂ ಇದ್ದಾರೆ. ಅವರನ್ನು ಹಿಡಿಯಬೇಕು. ಆದರೆ ಹಿಡಿಯುವ ಬಲೆ ಹೇಗಿದೆ ನೋಡಿ: ಯುಪಿಐನಲ್ಲೇ ಎಲ್ಲ ತೆಗೆದುಕೊಂಡವರು ಸಿಕ್ಕಿಬಿದ್ದರು, ಕ್ಯಾಶಿನಲ್ಲೇ ವ್ಯವಹಾರ ಮಾಡಿದವರು ದಾಟಿಹೋದರು. ಮುಚ್ಚುಮರೆ ಇಲ್ಲದವರಿಗೇ ಮೊದಲ ನೋಟಿಸ್.

ದೊಡ್ಡವರ ವಿಷಯ ಬಂದಾಗ ಧಾಟಿಯೇ ಬೇರೆ. 2019ರ ಸೆಪ್ಟೆಂಬರ್ 20ರಂದು ಕಂಪನಿ ತೆರಿಗೆಯ ಮೂಲ ದರವನ್ನು ಶೇ 22ಕ್ಕೆ ಇಳಿಸಿದಾಗ, ಇದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ಆದಾಯ ಬಿಟ್ಟುಕೊಟ್ಟ ಹಾಗಾಗುತ್ತದೆ ಅಂತ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ ಹೇಳಿದ್ದರು. ಬ್ಯಾಂಕುಗಳು ಐದು ವರ್ಷದಲ್ಲಿ 10 ಲಕ್ಷ ಕೋಟಿಗೂ ಜಾಸ್ತಿ ಸಾಲವನ್ನು ಲೆಕ್ಕದಿಂದ ತೆಗೆದು ಹಾಕಿವೆ ಅಂತ 2022ರ ಡಿಸೆಂಬರಿನಲ್ಲಿ ಸಂಸತ್ತಿಗೆ ತಿಳಿಸಿದರು. ರೈಟ್ ಆಫ್ ಅಂದರೆ ಮನ್ನಾ ಅಲ್ಲ, ವಸೂಲಿ ಮುಂದುವರಿಯುತ್ತದೆ ಅಂತ ವಿವರಣೆಯೂ ಬಂತು. ಅಕೌಂಟ್ಸಿನವಳಾಗಿ ಆ ವಿವರಣೆ ಸರಿ ಅಂತ ಒಪ್ಪುತ್ತೇನೆ. ಜನ ಇದನ್ನೂ ಸಾಲ ಮನ್ನಾವನ್ನೂ ಒಂದೇ ಮಾಡುವುದು ತಪ್ಪು. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ದೊಡ್ಡವರ ಬಾಕಿಗೆ ಸರ್ಕಾರ ಎಷ್ಟು ತಾಳ್ಮೆಯಿಂದ, ಪದ ಪದ ಬಿಡಿಸಿ ಅರ್ಥ ಹೇಳಿತು! ಅದೇ ತಾಳ್ಮೆಯಲ್ಲಿ, ಅದೇ ನಿಧಾನದಲ್ಲಿ ಟೀ ಅಂಗಡಿಯವರಿಗೆ 20 ಲಕ್ಷದ ಮಿತಿಯನ್ನು ಯಾರಾದರೂ ವಿವರಿಸಿದ್ದರಾ? ನೋಟಿಸ್ ಹೋದ ಮೇಲೆ ಇಲಾಖೆ ಊರೂರಿನಲ್ಲಿ ‘ಜಿಎಸ್‌ಟಿ ತಿಳಿಯಿರಿ’ ಅಂತ ಕಾರ್ಯಾಗಾರ ಮಾಡಿತು. ಮದುವೆ ಆದ ಮೇಲೆ ಹೆಣ್ಣು ನೋಡಲು ಹೋದ ಹಾಗೆ.

ಕ್ಯಾಶಿಗೆ ಹೋದವರು ಬಚಾವಾದರಾ ಅಂದರೆ, ಅದೂ ಇಲ್ಲ. ಮಿತಿಯ ಲೆಕ್ಕಕ್ಕೆ ಕ್ಯಾಶೂ ಸೇರುತ್ತದೆ, ಯುಪಿಐ ತೆಗೆದರೆ ತೆರಿಗೆ ತಪ್ಪುವುದಿಲ್ಲ ಅಂತ ಇಲಾಖೆ ಆಗಲೇ ಹೇಳಿತ್ತು. ನಮ್ಮ ಅಂಗಡಿಯವರು ಹನ್ನೊಂದು ದಿನ ಕ್ಯಾಶಿನಲ್ಲಿ ನಡೆಸಿದರು. ಚಿಲ್ಲರೆ ಇಲ್ಲದೆ ಚಾಕೊಲೇಟ್ ಕೊಟ್ಟರು. ಕಾಲೇಜು ಹುಡುಗರು ಬರುವುದು ನಿಲ್ಲಿಸಿದರು. ಉದ್ದರಿ ಪುಸ್ತಕ ದಪ್ಪವಾಯಿತು. ಅದಕ್ಕಿಂತ ದೊಡ್ಡದು ಇನ್ನೊಂದು. ಹಿಂದಿನ ವರ್ಷ ಹೊಸ ಫ್ರಿಜ್ಜಿಗೆ ಅವರಿಗೆ ಸಾಲ ಸಿಕ್ಕಿದ್ದು ಯುಪಿಐ ಸ್ಟೇಟ್‌ಮೆಂಟ್ ತೋರಿಸಿ. ಅಲ್ಲಿಯವರೆಗೆ ಅವರಿಗೆ ಆದಾಯ ಇದೆ ಅಂತ ಹೇಳುವ ಕಾಗದವೇ ಇರಲಿಲ್ಲ, ಮೀಟರ್ ಬಡ್ಡಿಯವರೇ ಗತಿ. ಸಾಲ ಕೊಡಿಸಿದ ಅದೇ ಕಾಗದಕ್ಕೆ ಈಗ ಹೆದರಿ ಕೂತಿದ್ದರು.

2025ರ ಸೆಪ್ಟೆಂಬರ್ 22ರಿಂದ ದರಗಳು ಇಳಿದವು. ಬಿಸ್ಕತ್ತು, ಸೋಪು, ಪೇಸ್ಟು ಶೇ 18ರಿಂದ 5ಕ್ಕೆ ಬಂದವು. ನಮಗೆ ಒಳ್ಳೆಯದಾಯಿತು. ನೋಂದಣಿಯ ಮಿತಿ ಮಾತ್ರ ಇದ್ದಲ್ಲೇ ಇದೆ. ಸಾಮಾನಿನವರಿಗೆ 40 ಲಕ್ಷ ಅಂತ ಮಾಡಿದ್ದು 2019ರ ಏಪ್ರಿಲಿನಲ್ಲಿ. ಆವತ್ತಿನ ಹಾಲಿನ ಬೆಲೆ, ಎಣ್ಣೆ ಬೆಲೆ ನೆನಪಿದೆಯಾ? ಸಾಮಾನು ಅಷ್ಟೇ ಮಾರಿದರೂ ಬೆಲೆ ಏರಿಕೆಯೇ ಅಂಗಡಿಯವರನ್ನು ಮಿತಿಯ ಆಚೆ ತಳ್ಳುತ್ತದೆ.

ದಸರಾ ಮುಗಿದ ಮೇಲೆ ಅವರು ನೋಂದಣಿ ಮಾಡಿಸಿದರು. ಕಾಂಪೊಸಿಶನ್. ಅರ್ಜಿ ತುಂಬಲು ನಾನೇ ಕೂತಿದ್ದೆ, ಫೀಸಿನ ಬದಲು ಒಂದು ಕಾಯಿ ಒಬ್ಬಟ್ಟಿನ ಪೊಟ್ಟಣ ಸಿಕ್ಕಿತು. ಕ್ಯೂಆರ್ ಕೋಡ್ ಮತ್ತೆ ಹಳೆಯ ಅಂಟಿನ ಕಲೆಯ ಮೇಲೆ ಬಂತು. ಕಾಂಪೊಸಿಶನ್‌ನವರು ಅಂಗಡಿಯಲ್ಲಿ ಹಾಗಂತ ಬೋರ್ಡ್ ಹಾಕಬೇಕು, ಬಿಲ್ ಕೊಟ್ಟರೆ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವ ಹಕ್ಕಿಲ್ಲ ಅಂತ ಅದರ ಮೇಲೆ ಬರೆಯಬೇಕು. ಬಿಸ್ಕತ್ ಡಬ್ಬಗಳ ಮೇಲೆ, ವೆಂಕಟೇಶ್ವರನ ಫೋಟೋ ಪಕ್ಕ, ಎರಡನ್ನೂ ಒಂದೇ ಬೋರ್ಡಿನಲ್ಲಿ ಬರೆಸಿ ತೂಗುಹಾಕಿದ್ದಾರೆ.

ಮೊನ್ನೆ ಎದುರು ಮನೆಯ ಅಜ್ಜಿ ಅದನ್ನು ಓದಿ, ‘ಇನ್ಮೇಲೆ ಟ್ಯಾಕ್ಸ್ ಸೇರಿಸ್ತೀಯೇನಪ್ಪಾ?’ ಅಂತ ಕೇಳಿದರು.

‘ಇಲ್ಲಜ್ಜಿ. ನಿಮ್ಮ ಹತ್ರ ಇಸ್ಕೋಬಾರದು ಅಂತಲೇ ಬರೆದಿರೋದು. ಅದು ನನ್ನ ಕೈಯಿಂದ.’

ಅಜ್ಜಿ ಸೆರಗಿನ ಗಂಟು ಬಿಚ್ಚಿ ಕಾಸು ಎಣಿಸಿ ಕೊಟ್ಟರು. ನಾನು ಫೋನ್ ಹಿಡಿದೆ. ಡಬ್ಬಿ ‘ನಲವತ್ತಾರು ರೂಪಾಯಿ ಸ್ವೀಕರಿಸಲಾಗಿದೆ’ ಅಂತ ಕೂಗಿತು. ಅವರು ಗಲ್ಲಾದಿಂದ ಹೊಸ ನೋಟ್‌ಬುಕ್ ತೆಗೆದು ‘ಹಾಲು’ ಅಂತ ಬರೆದ ಸಾಲಿನಲ್ಲಿ 46 ಅಂತ ಬರೆದುಕೊಂಡರು.